ಗದುಗಿನ ಅಜ್ಜಾರ ನಂಬಿಕೆ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರೆತ್ತಿದರೆ ನಮ್ಮಲ್ಲಿ ಹಲವರ ಬಾಯಿಗೆ ಮೊದಲು ಬರುವ ಮಾತು ‘ಪವಾಡ’. ಹುಟ್ಟುಗುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು, ಹಸುಗೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು, ಆ ಆಶ್ರಮ ಕಟ್ಟಿ ಬೆಳೆಸಿದ ಈ ಗುರುಶಿಷ್ಯರನ್ನು ಭಕ್ತಿಯಿಂದ ನೆನೆಯುವುದು ಸರಿಯೇ. ಆದರೆ ಪವಾಡ ಎಂದುಬಿಟ್ಟರೆ ಅವರು ಪಟ್ಟ ಪಾಡು ಮರೆಯಾಗುತ್ತದೆ.

ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ. ಒಡಹುಟ್ಟಿದವನಿಗೂ ಕಣ್ಣಿರಲಿಲ್ಲ. ಹುಡುಗನ ಕಂಠ ಮೆಚ್ಚಿ ಕೈಹಿಡಿದ ಹಾನಗಲ್ಲ ಕುಮಾರ ಸ್ವಾಮಿಗಳು ಬರೀ ಆಶೀರ್ವಾದ ಮಾಡಿ ಕಳಿಸಲಿಲ್ಲ. ಕರ್ನಾಟಕಿ, ಹಿಂದೂಸ್ತಾನಿ ಎರಡೂ ಪದ್ಧತಿಯ ಪಾಠವಾಗುವಂತೆ ನೋಡಿಕೊಂಡರು. ಹಾಗೆ ಕಲಿತವರು ಮುಂದೆ ತಾವೇ ಅಂಧ, ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠಶಾಲೆ ನಡೆಸಿದರು. ಬಸವರಾಜ ರಾಜಗುರು ಅವರಂಥ ಗಾಯಕರು ತಯಾರಾದದ್ದು ಇವರ ಗರಡಿಯಲ್ಲೇ.

ಪಾಠವೇನೋ ಬಾಯಿಂದ ಕಿವಿಗೆ ದಾಟುತ್ತದೆ. ಊಟ? ಅದಕ್ಕಾಗಿ ಜೋಳಿಗೆ ಹಿಡಿದರು, ನಾಟಕ ಕಂಪನಿ ಕಟ್ಟಿದರು. ಟಿಕೆಟ್ಟಿನ ದುಡ್ಡು ಮಕ್ಕಳ ರೊಟ್ಟಿಯಾಯಿತು. 1944ರಲ್ಲಿ ಗುರುಗಳು ಲಿಂಗೈಕ್ಯರಾದಾಗ ಆ ಹೊರೆ ಬಿದ್ದದ್ದು ಮೂವತ್ತರ ಹರೆಯದ ಪುಟ್ಟರಾಜರ ಹೆಗಲಿಗೆ. 2010ರ ಸೆಪ್ಟೆಂಬರಿನಲ್ಲಿ ಕಣ್ಮುಚ್ಚುವವರೆಗೂ ಅವರು ಅದನ್ನು ಇಳಿಸಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು ನುಡಿಸಿದರು, ಕಂಪನಿಗೆ ನಾಟಕ ಬರೆದರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಗ್ರಂಥ ರಚಿಸಿದರು. ಪದ್ಮಭೂಷಣ ಬಂದದ್ದು ಅದೇ 2010ರಲ್ಲಿ.

ಭಕ್ತರು ಅಜ್ಜಾರು ಎಂದೇ ಕರೆಯುವ ಪುಟ್ಟರಾಜರಿಗೆ ಬ್ರೈಲ್ ಲಿಪಿ ಗೊತ್ತಿತ್ತು. ಅದನ್ನು ಕೈಯಿಂದ ಬರೆಯುವುದನ್ನು ಒಮ್ಮೆ ನೋಡಬೇಕು. ದಪ್ಪ ಕಾಗದವನ್ನು ಚೌಕಟ್ಟಿಗೆ ಸಿಕ್ಕಿಸಿ, ಮೊನಚು ಕಡ್ಡಿಯಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಕಾಗದ ಮಗುಚಿದರೆ ಚುಕ್ಕಿಗಳು ಉಬ್ಬಿರುತ್ತವೆ, ಬೆರಳು ಅವನ್ನು ಎಡದಿಂದ ಬಲಕ್ಕೆ ಓದುತ್ತದೆ. ಅಂದರೆ ಬರೆಯುವಾಗ ಪ್ರತಿ ಅಕ್ಷರವೂ ತಿರುವುಮುರುವು. ಆರು ಚುಕ್ಕಿಗಳಲ್ಲಿ ಒಂದು ಹೆಚ್ಚುಕಮ್ಮಿಯಾದರೂ ಅಕ್ಷರವೇ ಬೇರೆ. ಹೀಗೆ ಚುಚ್ಚಿ ಚುಚ್ಚಿ ಒಂದು ಪುಟ ತುಂಬಿಸುವುದಕ್ಕೆ ಬೇಕಾಗುವ ತಾಳ್ಮೆ ಒಂದು ದಿನದಲ್ಲಿ ಬರುವಂಥದ್ದಲ್ಲ.

ಶಿವನ ಮೇಲೆ ಇಬ್ಬರಿಗೂ ಅಪಾರ ನಂಬಿಕೆಯಿತ್ತು. ಕಣ್ಣು ಕೊನೆಗೂ ಬರಲಿಲ್ಲ, ನಂಬಿಕೆಯೂ ಸಡಿಲಾಗಲಿಲ್ಲ. ನಾನು ಈ ನಂಬಿಕೆಯನ್ನು ಅವರ ಪೂಜೆಯಲ್ಲಿ ಎಷ್ಟು ಕಾಣುತ್ತೇನೋ, ನಾಳೆಯ ಊಟಕ್ಕೆ ಗ್ಯಾರಂಟಿ ಇಲ್ಲದಾಗಲೂ ಇನ್ನೊಂದು ಮಗುವನ್ನು ಒಳಗೆ ಕರೆದುಕೊಂಡ ಆ ಧೈರ್ಯದಲ್ಲೂ ಅಷ್ಟೇ ಕಾಣುತ್ತೇನೆ. ಕಲಿತ ವಿದ್ಯೆ ಈ ಮಗುವಿನ ಹೊಟ್ಟೆ ಹೊರೆಯುತ್ತದೆ ಎಂದು ನಂಬಿದವರಿಗಷ್ಟೇ ಅದು ಸಾಧ್ಯ.

ಹಾಗೆ ಕಲಿತ ಅಂಧ ಗವಾಯಿಗಳು ಇಂದು ನಮ್ಮ ಮಠಗಳ ಪುರಾಣ ಪ್ರವಚನಗಳಲ್ಲಿ ಸಂಗೀತ ಸೇವೆ ನಡೆಸುತ್ತಾರೆ. ನಿಮ್ಮೂರಿಗೆ ಅಂಥವರು ಬಂದಾಗ ಶಾಲು ಹೊದಿಸಿ, ಕೈಗೊಂದು ಕಾಯಿ ಕೊಟ್ಟು ಕಳಿಸಬೇಡಿ. ಬೇರೆ ಕಲಾವಿದರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರಿಗೂ ಕೊಡಿ.