ಟಿಸಿ ಕೊಟ್ಟರೆ ಗಾಂಜಾ ಬಿಟ್ಟುಹೋಗುತ್ತದೆಯೇ?

ಪ್ರತಿವರ್ಷ ಜೂನ್ 26ರಂದು ಮಾದಕ ವಸ್ತು ವಿರೋಧಿ ದಿನ ಆಚರಿಸುತ್ತೇವೆ. ಜಾಥಾ, ಭಾಷಣ, ಪ್ರತಿಜ್ಞೆ ಮುಗಿದ ಮೇಲೂ ಹುಡುಗರ ನಡುವೆ ಒಂದು ಮಾತು ಉಳಿದೇ ಇರುತ್ತದೆ: “ಅದು ಬರೀ ಗಿಡ ಅಲ್ವಾ?”

ಹೌದು, ಗಿಡವೇ. ಅದರಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೆಣ್ಣು ಗಿಡದ ಹೂವಿನ ತುದಿಯಲ್ಲಿರುವ ಅಂಟಿನಲ್ಲಿ ಅಮಲೇರಿಸುವ ಟಿಎಚ್‌ಸಿ ಹೆಚ್ಚು. ಆ ಅಂಟೇ ಚರಸ್. ಒಣಗಿಸಿದ ಹೂವಿನ ತುದಿ ಗಾಂಜಾ. 1985ರ ಎನ್‌ಡಿಪಿಎಸ್ ಕಾಯ್ದೆ ಎರಡನ್ನೂ ನಿಷೇಧಿಸಿದೆ. ಬರೀ ಎಲೆ ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ, ಹಾಗಾಗಿ ಕೆಲವು ರಾಜ್ಯಗಳಲ್ಲಿ ಭಾಂಗ್ ಅಂಗಡಿಗಳಿವೆ. ಅದನ್ನು ತೋರಿಸಿ “ಗಾಂಜಾಕ್ಕೂ ತೊಂದರೆಯಿಲ್ಲ” ಎನ್ನುವವರನ್ನು ನಂಬಬೇಡಿ. ಪರವಾನಗಿ ಇಲ್ಲದೆ ಗಿಡ ಬೆಳೆಸಿದರೆ 10 ವರ್ಷಗಳವರೆಗೆ ಜೈಲು. ಸೇದಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಕಾನೂನಿಗಿಂತ ದೊಡ್ಡ ಪೆಟ್ಟು ತಲೆಗೆ. ನಮ್ಮ ಮೆದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಈ ವಯಸ್ಸಿನಲ್ಲಿ ಪದೇ ಪದೇ ಸೇದಿದರೆ ನೆನಪು, ಏಕಾಗ್ರತೆ ಕುಂದುತ್ತವೆ. ಕೆಲವರಲ್ಲಿ ಇಲ್ಲದ ಭಯ, ಸಂಶಯ, ಭ್ರಮೆಗಳು ಶುರುವಾಗುತ್ತವೆ.

ಅಮಲು ಹರಾಮ್ ಎಂಬುದನ್ನು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದವರು ನಾವು. ಆದರೂ ಒಬ್ಬ ಹುಡುಗ ಸಿಕ್ಕಿಬಿದ್ದಾಗ ಏನಾಗುತ್ತದೆ? ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಡುತ್ತಾರೆ. ಕಾಲೇಜುಗಳು ಟಿಸಿ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಓದೂ ಇಲ್ಲ, ಗೆಳೆಯರೂ ಇಲ್ಲ ಎಂದಾದ ಮೇಲೆ ಅವನಿಗೆ ಉಳಿಯುವುದು ಗಾಂಜಾ ಕೊಟ್ಟವನ ಸಹವಾಸ ಮಾತ್ರ.

ಕಾಯ್ದೆಯೇ ಇದಕ್ಕಿಂತ ಉದಾರವಾಗಿದೆ. ಅದರ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಶಿಕ್ಷೆಯಿಂದ ವಿನಾಯಿತಿ ಇದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅಷ್ಟೇ.

ನಮ್ಮ ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ: ಮಾರುವವನನ್ನು ಪೊಲೀಸರಿಗೆ ಒಪ್ಪಿಸಿ. ಸೇದಿದವನ ಪೋಷಕರನ್ನು ಕರೆಸಿ, ಆಪ್ತ ಸಮಾಲೋಚಕರನ್ನು ಭೇಟಿ ಮಾಡಿಸಿ, ವೈದ್ಯರ ಬಳಿ ಕಳುಹಿಸಿ. ಟಿಸಿ ಕೊನೆಯ ಮಾತಾಗಿರಲಿ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446 ನಮ್ಮ ನೋಟಿಸ್ ಬೋರ್ಡಿನಲ್ಲಿ ವರ್ಷವಿಡೀ ಇರಲಿ.

ಗೆಳೆಯರೇ, ನಿಮ್ಮ ಪಕ್ಕದ ಬೆಂಚಿನವನು ಇದಕ್ಕೆ ಸಿಲುಕಿದ್ದರೆ ಬಚ್ಚಿಡಬೇಡಿ, ಊರಿಗೆಲ್ಲ ಸಾರಲೂಬೇಡಿ. ನೀವು ನಂಬುವ ಒಬ್ಬ ಉಪನ್ಯಾಸಕರಿಗೆ ಹೇಳಿ.