ಹೊಸ ಕಾರಿಗೆ ಜರಡಿ ಇದೆಯೆ?

ಇತಿಹಾಸ ಐಚ್ಛಿಕದ ವಿದ್ಯಾರ್ಥಿಯಾದವನು ಮೋಟಾರು ಕಾರಿನ ವಿಷಯವಾಗಿ ಲೇಖನಿ ಹಿಡಿದನೆಂದರೆ ಸಹಪಾಠಿ ಮಿತ್ರರು ನಗದೆ ಇರಲಾರರು. ಸಂಪಾದಕ ಮಂಡಲಿಯ ಗುರುಗಳೊಬ್ಬರು ನನ್ನಿಂದ ಬಯಸಿದ್ದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನದ ಮೇಲೊಂದು ಪ್ರಬಂಧವನ್ನು. ಆ ಬಂಡೆಯ ಬಳಿಗೂ ಬರುತ್ತೇನೆ. ಆದರೆ ದಾರಿಯಲ್ಲಿ ಒಂದು ಕಾರು ಅಡ್ಡ ನಿಂತಿದೆ. ಅದನ್ನು ದಾಟಿಕೊಂಡೇ ಹೋಗಬೇಕು.

ಕಾರು ನನ್ನದಲ್ಲ, ನನ್ನ ಸೋದರಮಾವನವರದು. ಅವರು ಮೊಳಕಾಲ್ಮೂರಿನವರು. ಮನೆಯಲ್ಲಿ ಎರಡು ಗುಂಡಿಮಗ್ಗಗಳಿವೆ. ಹೊರಗಿನ ಕೆಲವು ನೇಕಾರರಿಗೂ ರೇಷ್ಮೆ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಾರೆ. ತಿಂಗಳಿಗೆರಡು ಸಾರಿ ಸೀರೆಯ ಗಂಟಿನೊಡನೆ ಬೆಂಗಳೂರಿಗೆ ಹೋಗಿಬರುತ್ತಾರೆ. ಗುಂಡಿಮಗ್ಗವನ್ನು ಕಾಣದ ಮಿತ್ರರಿಗಾಗಿ ಒಂದು ಮಾತು. ನೆಲದಲ್ಲಿ ತೋಡಿದ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು, ಅದರ ಅಂಚಿನ ಮೇಲೆ ನೇಕಾರ ಕೂಡುತ್ತಾನೆ. ಮಗ್ಗ ಹೆಚ್ಚು ಕಡಮೆ ನೆಲಕ್ಕೆ ಸಮ. ಅವನ ಮುಖವೂ ನೆಲದಿಂದ ಬಹಳ ಮೇಲಿರುವುದಿಲ್ಲ. ಬೀದಿಯ ಕಡೆಯ ಕಿಟಕಿಯ ಪಕ್ಕದ ಮಗ್ಗದಲ್ಲಿ ನಮ್ಮ ತಾತ ಕೂಡುತ್ತಾರೆ. ಗಲ್ಲಿ ಇಕ್ಕಟ್ಟು. ಮಾವನವರ ಹಳೆಯ ಕಾರನ್ನು ಕಿಟಕಿಯ ಮುಂದೆಯೇ ನಿಲ್ಲಿಸುತ್ತಿದ್ದರು. ಬೆಳಗ್ಗೆ ಅದನ್ನು ಚಾಲೂ ಮಾಡಿದೊಡನೆ ಸೈಲೆನ್ಸರಿನ ಬಾಯಿಯಿಂದ ಹೊರಟ ಹೊಗೆ ನೆಟ್ಟಗೆ ತಾತನವರ ಮೂಗಿಗೆ. “ನಿನ್ನ ಗಾಡಿ ಉಸಿರು ಬಿಟ್ರೆ ನಾನು ಉಸಿರು ಹಿಡೀಬೇಕು ನೋಡಪ್ಪ” ಎಂದು ಅವರು ಲಾಳಿ ನಿಲ್ಲಿಸಿ ಕೆಮ್ಮುತ್ತಿದ್ದರು. ಆದ್ದರಿಂದ ಹೊಸ ಕಾರು ಕೊಳ್ಳುವ ಮಾತು ಬಂದಾಗ ಮಾವನವರ ಮೊದಲ ಪ್ರಶ್ನೆ ಬಣ್ಣದ್ದಾಗಲಿ ಬೆಲೆಯದ್ದಾಗಲಿ ಆಗಿರಲಿಲ್ಲ. “ಅಳಿಯ, ನೀನು ಓದಿದೋನು. ಹೊಗೆ ಕಡಿಮೆ ಇರೋದು ಯಾವುದು, ನೋಡಿ ಹೇಳು” ಎಂದರು.

ಓದಿದವನು ಎಂದರು, ಆದ್ದರಿಂದ ಓದಲೇಬೇಕಾಯಿತು.

ಮಸಿ ಡೀಸೆಲ್ ಗಾಡಿಗಳದು, ಪೆಟ್ರೋಲು ಗಾಡಿ ಶುದ್ಧ ಎಂದು ನಾವೆಲ್ಲ ನಂಬಿದ್ದೇವೆ. ಹಿಂದೆ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಸಾಮಾನ್ಯ ಪೆಟ್ರೋಲ್ ಎಂಜಿನಿನಲ್ಲಿ ಪೆಟ್ರೋಲನ್ನು ಸಿಲಿಂಡರಿನ ಹೊರಗೆ, ಗಾಳಿ ಒಳಹೋಗುವ ದಾರಿಯಲ್ಲಿ ಚಿಮ್ಮಿಸುತ್ತಾರೆ. ಅದು ಆವಿಯಾಗಿ ಗಾಳಿಯೊಡನೆ ಬೆರೆತು ಒಳಗೆ ಹೋಗುತ್ತದೆ. ಈಚಿನ ಟರ್ಬೋ ಕಾರುಗಳಲ್ಲಿ ಅನೇಕವು ಪೆಟ್ರೋಲನ್ನು ಭಾರೀ ಒತ್ತಡದಿಂದ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತವೆ. ಇದರಿಂದ ಶಕ್ತಿ ಹೆಚ್ಚು, ಖರ್ಚು ಕಡಮೆ. ಆದರೆ ಬೆರೆಯಲು ವೇಳೆ ಸಾಲದು. ಕೆಲವು ಹನಿ ಪಿಸ್ಟನ್ನಿನ ನೆತ್ತಿಗೂ ಗೋಡೆಗೂ ಅಂಟಿ ಅರೆಬರೆ ಉರಿದು ಮಸಿಯಾಗುತ್ತದೆ. ಎಂಜಿನು ತಣ್ಣಗಿರುವಾಗ ಈ ಮಸಿ ಎಲ್ಲಕ್ಕಿಂತ ಹೆಚ್ಚು, ಎಂದರೆ ತಾತನವರ ಕಿಟಕಿಯ ಮುಂದೆ ಬೆಳಗಿನ ಹೊತ್ತಿನಲ್ಲಿ. ಅದು ಡೀಸೆಲ್ ಲಾರಿಯ ಕರಿಹೊಗೆಯ ಹಾಗೆ ಕಣ್ಣಿಗೆ ಕಾಣುವಂಥದಲ್ಲ. ಕಣಗಳು ಬಹಳ ಸೂಕ್ಷ್ಮ. ತೂಕಕ್ಕೆ ಸಿಕ್ಕುವುದಿಲ್ಲ, ಪುಪ್ಪುಸದ ಕೊನೆಯವರೆಗೂ ಇಳಿಯುತ್ತವೆ. ಆದ್ದರಿಂದಲೇ ಕಾನೂನು ಅವನ್ನು ತೂಗುವುದರ ಜೊತೆಗೆ ಎಣಿಸಲೂ ತೊಡಗಿತು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಅನ್ವಯವಾದ ಭಾರತ್ ಸ್ಟೇಜ್ 6 ನಿಯಮಾವಳಿಯು ಇಂಥ ಎಂಜಿನಿಗೆ ಹಾಕಿದ ಮಿತಿ ಕಿಲೋಮೀಟರಿಗೆ 60,000 ಕೋಟಿ ಕಣಗಳು. ಇದು ಮಿತಿ! ಮಿತಿಯೇ ಇಷ್ಟಾದರೆ ಮಿತಿಮೀರಿದ್ದು ಎಷ್ಟೆಂದು ಲೆಕ್ಕದ ಮಿತ್ರರು ಯೋಚಿಸಲಿ. ಹಳೆಯ ಬಗೆಯ ಪೆಟ್ರೋಲ್ ಎಂಜಿನಿನ ಕಣಗಳನ್ನು ಈ ನಿಯಮ ಎಣಿಸುವುದೇ ಇಲ್ಲ. ಯೂರೋಪಿನವರು ತಮ್ಮ ಯೂರೋ 7ರಲ್ಲಿ ಅವನ್ನೂ ಎಣಿಸಹೊರಟಿದ್ದಾರೆ.

ಈ ಮಸಿಯನ್ನು ಹಿಡಿಯಲು ಒಂದು ಸಾಧನವುಂಟು. ಅದರ ಹೆಸರು ಗ್ಯಾಸೊಲಿನ್ ಪಾರ್ಟಿಕ್ಯುಲೇಟ್ ಫಿಲ್ಟರ್, ಚಿಕ್ಕದಾಗಿ ಜಿ.ಪಿ.ಎಫ್. ನಾನು ಅದನ್ನು ಜರಡಿ ಎನ್ನುತ್ತೇನೆ. ಜೇನುಗೂಡಿನಂತೆ ಸಣ್ಣ ಸಣ್ಣ ಕೊಳವೆಗಳುಳ್ಳ ಪಿಂಗಾಣಿಯಂಥ ಒಂದು ದಿಂಡು. ಒಂದು ಕೊಳವೆಯ ಮುಂಬಾಯಿ ತೆರೆದಿದ್ದರೆ ಹಿಂಬಾಯಿ ಮುಚ್ಚಿದೆ. ಪಕ್ಕದ್ದು ಇದಕ್ಕೆ ವಿರುದ್ಧ. ಹೊಗೆ ಬೇರೆ ದಾರಿ ಕಾಣದೆ ಗೋಡೆಯ ರಂಧ್ರಗಳಲ್ಲಿ ನುಸುಳಿ ಹೋಗುತ್ತದೆ, ಮಸಿ ಹಿಂದೆ ಉಳಿಯುತ್ತದೆ. ನಮ್ಮ ತಂದೆ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವವರು. ಇದನ್ನು ವಿವರಿಸಿದಾಗ ಅವರು ಕೂಡಲೆ, “ಶೇಂಗಾ ಎಣ್ಣೆ ಸೋಸೋ ಬಟ್ಟೇಲಿ ಮಡ್ಡಿ ಕಟ್ಕೊಂಡ್ರೆ ಬಿಚ್ಚಿ ಒಗೀತಾರೆ. ಇದನ್ನ ಒಗೆಯೋರು ಯಾರು?” ಎಂದರು. ಯಂತ್ರ ಓದದ ಮನುಷ್ಯನ ಪ್ರಶ್ನೆ. ನಾನು ಕೇಳಿದವುಗಳಲ್ಲೆಲ್ಲ ಇದೇ ಉತ್ತಮವಾದದ್ದು. ಒಗೆಯುವವರು ಯಾರೂ ಇಲ್ಲ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುತ್ತದೆ. ಹೆದ್ದಾರಿಯಲ್ಲಿ ಓಡಿ ಚೆನ್ನಾಗಿ ಕಾದಿರುವಾಗ ಚಾಲಕ ಕಾಲು ತೆಗೆದರೆ ಪೆಟ್ರೋಲು ನಿಂತು ಬರೀ ಗಾಳಿ ಒಳಗೆ ಹೋಗುತ್ತದೆ. ಆ ಗಾಳಿಯ ಆಮ್ಲಜನಕದಲ್ಲಿ ಮಸಿ ಉರಿದುಹೋಗುತ್ತದೆ. ಎಂಜಿನ್ ಆಯಿಲಿನ ಬೂದಿ ಮಾತ್ರ ಉರಿಯದೆ ಉಳಿಯುತ್ತದೆ, ಆದ್ದರಿಂದ ಜರಡಿಯುಳ್ಳ ಗಾಡಿಗೆ ಬೂದಿ ಕಡಮೆಯಾದ ಆಯಿಲನ್ನೇ ಹಾಕಬೇಕು. ಊರೊಳಗೆ ಎರಡು ಫರ್ಲಾಂಗು ಓಡಿ ನಿಲ್ಲುವ ಗಾಡಿಗೆ ಈ ಸ್ವಯಂಶುದ್ಧಿ ಕಷ್ಟ. ಅಂದಮೇಲೆ ಜರಡಿ ಇದೆಯೋ ಇಲ್ಲವೋ ಎಂಬುದು ತಾತನವರ ಉಸಿರಿಗೆ ಮಾತ್ರವಲ್ಲ, ಮಾವನವರ ಗಂಟಿಗೂ ಸಂಬಂಧಪಟ್ಟ ಪ್ರಶ್ನೆ.

ಸುಲಭದ ಪ್ರಶ್ನೆ ಎಂದುಕೊಂಡೆವು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಅಂಗಡಿಯಲ್ಲಿ ಟೈ ಕಟ್ಟಿದ ತರುಣನೊಬ್ಬ ನಮ್ಮನ್ನು ಬಹು ಆದರದಿಂದ ಕೂರಿಸಿ ಕಾಫಿ ತರಿಸಿದ. ಫಿಲ್ಟರ್ ಇದೆಯೆ ಎಂದೆ. “ಇದೆ ಸಾರ್! ಏರ್ ಫಿಲ್ಟರ್, ಆಯಿಲ್ ಫಿಲ್ಟರ್, ಎ.ಸಿ. ಫಿಲ್ಟರ್, ಎಲ್ಲಾ ಇದೆ” ಎಂದ. ಮಸಿ ಹಿಡಿಯುವುದು ಎಂದೆ. “ಅದು ಡೀಸೆಲ್‌ಗೆ ಮಾತ್ರ ಸಾರ್” ಎಂದ. ಒಳಗಿನಿಂದ ಬಂದ ಅವನ ಮೇಲಿನವನು, “ಬಿ.ಎಸ್. 6 ಅಂದ್ಮೇಲೆ ಇದ್ದೇ ಇರುತ್ತೆ” ಎಂದ. ಒಬ್ಬನದು ಇಲ್ಲ, ಇನ್ನೊಬ್ಬನದು ಇದೆ, ಇಬ್ಬರಿಗೂ ಸಂದೇಹವಿರಲಿಲ್ಲ. ಮೇಲಿನವನ ಮಾತೂ ಸರಿಯಲ್ಲ. ನಿಯಮ ಮಿತಿಯನ್ನು ಹೇಳುತ್ತದೆಯೇ ಹೊರತು ಸಾಧನವನ್ನು ಹೇಳುವುದಿಲ್ಲ. ಚಿಮ್ಮಿಸುವ ಕ್ರಮವನ್ನೇ ನಯಗೊಳಿಸಿ ಜರಡಿಯಿಲ್ಲದೆ ತೇರ್ಗಡೆಯಾದರೂ ಕಾನೂನಿಗೆ ಒಪ್ಪಿಗೆಯೇ. ಅಷ್ಟರಲ್ಲಿ ಮಾವನವರು ಹಿಂದೆ ಹೋಗಿ ಸೈಲೆನ್ಸರಿನೊಳಗೆ ಬೆರಳಾಡಿಸಿ ನೋಡುತ್ತಿದ್ದರು. ಈ ಪರೀಕ್ಷೆ ತೀರ ಹುಚ್ಚಲ್ಲ. ಬಹಳ ಓಡಿದ ಗಾಡಿಯಾಗಿದ್ದರೆ ಜರಡಿ ಇದ್ದಲ್ಲಿ ಬೆರಳಿಗೆ ಮಸಿ ಹತ್ತುವುದು ಕಡಮೆ. ಆದರೆ ಅಂಗಡಿಯಲ್ಲಿ ಮಿರಮಿರ ಹೊಳೆಯುವ ಹೊಸ ಕಾರಿನಲ್ಲಿ ಯಾವ ಮಸಿ?

ಮಾವನವರಿಗೆ ಕೋಪ ಬಂದದ್ದು ಅಲ್ಲಿಯೇ. ಸೀರೆ ಅಪ್ಪಟ ರೇಷ್ಮೆಯೆ ಎಂದು ಗಿರಾಕಿ ಸಂಶಯಪಟ್ಟರೆ ಅವರು ಸೆರಗಿನ ತುದಿಯಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಡುತ್ತಾರೆ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಅದೂ ಸಾಲದೆಂದು ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ಸಿಲ್ಕ್ ಮಾರ್ಕ್ ಚೀಟಿಯನ್ನು ತಂದರು. “ನಾನು ಸಾವಿರಗಳ ಸೀರೆಗೆ ಎಳೆ ಸುಟ್ಟು ತೋರಿಸ್ತೀನಿ. ಲಕ್ಷಗಳ ಗಾಡಿ ಮಾರೋನು ಏನು ಸುಟ್ಟು ತೋರಿಸ್ತಾನೆ?” ಎಂದು ದಾರಿಯುದ್ದಕ್ಕೂ ಕೇಳಿದರು.

ಮುಂದಿನ ಹುಡುಕಾಟವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರಿನೊಡನೆ ಕೊಡುವ ಕೈಪಿಡಿಯನ್ನು ತರಿಸಿ ಓದಿದೆ. ಎಚ್ಚರಿಕೆಯ ದೀಪಗಳ ಅಧ್ಯಾಯದಲ್ಲಿ ಜರಡಿಯ ದೀಪವೇನೋ ಇತ್ತು. ಪಕ್ಕದಲ್ಲಿ ಒಂದು ನಕ್ಷತ್ರ, ಕೆಳಗೆ ‘ಅಳವಡಿಸಿದ್ದಲ್ಲಿ’ ಎಂಬ ಟಿಪ್ಪಣಿ. ಪಾಣಿನಿಯೂ ಇಷ್ಟು ಜಾಣ ಸೂತ್ರ ಬರೆಯಲಾರ. ತಯಾರಕರಿಗೆ ಪತ್ರ ಬರೆದೆ. ತಮ್ಮ ಎಲ್ಲ ವಾಹನಗಳೂ ಪ್ರಚಲಿತ ನಿಯಮಗಳಿಗೆ ಅನುಗುಣವಾಗಿವೆಯೆಂದು ಉತ್ತರ ಬಂತು. ಅದರ ಕೆಳಗೆ ಯಾರ ಹೆಸರೂ ಇರಲಿಲ್ಲ. ಗಾಡಿಯ ಅಡಿಯಲ್ಲಿ ಮಲಗಿ ನೋಡೋಣವೆಂದರೆ ಅದೂ ಅಷ್ಟು ಸುಲಭವಲ್ಲ. ಕೆಲವು ಕಾರುಗಳಲ್ಲಿ ಈ ಜರಡಿ ಅಡಿಯಲ್ಲಿ ಬೇರೆಯೇ ಡಬ್ಬಿಯಾಗಿರುತ್ತದೆ, ಕೆಲವುಗಳಲ್ಲಿ ಎಂಜಿನಿಗಂಟಿದ ಕೆಟಲಿಟಿಕ್ ಕನ್ವರ್ಟರಿನೊಳಗೇ ಸೇರಿಹೋಗಿರುತ್ತದೆ. ಹೊರಗಣ್ಣಿಗೆ ಎರಡೂ ತಗಡಿನ ಡಬ್ಬಿಗಳೇ. ಒತ್ತಡ ಅಳೆಯುವ ಸಣ್ಣ ಕೊಳವೆ ಅದರಿಂದ ಹೊರಟಿದ್ದರೆ ಜರಡಿಯ ಸುಳಿವು ಎನ್ನಬಹುದು.

ಕೊನೆಗೆ ಗುಟ್ಟು ಬಿಚ್ಚಿದವನು ಸರ್ವೀಸ್ ಸ್ಟೇಷನ್ನಿನ ಬಿಡಿಭಾಗಗಳ ಕಿಟಕಿಯ ಹಿಂದೆ ಕೂಡುವ ಗುಮಾಸ್ತ. ಕೊಳ್ಳಬೇಕೆಂದಿದ್ದ ಕಾರಿನ 17 ಅಕ್ಷರಾಂಕಗಳ ಚಾಸಿ ನಂಬರನ್ನು ಆತ ಕಂಪ್ಯೂಟರಿಗೆ ಹೊಡೆದ. ಆ ಗಾಡಿಗೆ ಹಾಕಿದ ಭಾಗಗಳ ಪಟ್ಟಿ ಬಂತು. ಪಟ್ಟಿಯಲ್ಲಿ ಜರಡಿ ಇತ್ತು. ಎರಡು ನಿಮಿಷದ ಕೆಲಸ. ಅದರ ಬೆಲೆಯನ್ನೂ ಹೇಳಿದ. ಮಾವನವರು ಅಲ್ಲಿಯೇ ಇದ್ದ ಬೆಂಚಿನ ಮೇಲೆ ಕುಳಿತುಕೊಂಡರು. ಕಾರು ಕೊಳ್ಳುವ ಮಿತ್ರರು ಇಷ್ಟನ್ನಾದರೂ ನೆನಪಿಡಲಿ: ಮುಂಗಟ್ಟಿನಲ್ಲಿ ಕೇಳಬೇಡಿ, ಬಿಡಿಭಾಗದ ಕಿಟಕಿಯಲ್ಲಿ ಚಾಸಿ ನಂಬರು ಕೊಟ್ಟು ಕೇಳಿ. ಒಂದೇ ಹೆಸರಿನ ಕಾರಿಗೂ ಎಂಜಿನಿಗೆ ತಕ್ಕಂತೆ, ತಯಾರಾದ ತಿಂಗಳಿಗೆ ತಕ್ಕಂತೆ ಉತ್ತರ ಬದಲಾಗಬಹುದು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬ್ರಹ್ಮಗಿರಿಯ ಪ್ರಬಂಧವನ್ನೇ ಬರೆಯುತ್ತಿದ್ದೆ. ಕಾರು ಬಂದ ಕೆಲವೇ ದಿನಗಳಲ್ಲಿ ಪರಿಚಯದ ಮೆಕ್ಯಾನಿಕ್ಕನೊಬ್ಬ ಅದನ್ನು ಸುತ್ತಿ ನೋಡಿ, “ಅಣ್ಣಾ, ಇದ್ರಾಗೆ ಜಾಲರಿ ಐತೆ. ಗಾಡಿ ಉಸಿರು ಕಟ್ಟುತ್ತೆ. ತೆಗೆದುಹಾಕ್ತೀನಿ, ಮೈಲೇಜು ಬರುತ್ತೆ. ದೀಪ ಹತ್ತದಂಗೂ ಮಾಡ್ಕೊಡ್ತೀನಿ. ಯಾರಿಗೂ ಗೊತ್ತಾಗಲ್ಲ” ಎಂದ. ಯಾರಿಗೂ ಗೊತ್ತಾಗುವುದಿಲ್ಲ! ಮನೆಗೆ ಬಂದು ಯೋಚಿಸಿದಷ್ಟೂ ಅವನ ಮಾತು ನಿಜವೆಂದು ತೋರಿ ನನಗೆ ದಿಗಿಲಾಯಿತು. ಆರ್.ಸಿ.ಯಲ್ಲಿ ಇಂಧನ ಯಾವುದು, ಯಾವ ಸ್ಟೇಜ್ ಎಂದಿದೆ, ಜರಡಿಯ ಮಾತಿಲ್ಲ. ಮಾರಿದ ಬಿಲ್ಲಿನಲ್ಲಿಯೂ ಇಲ್ಲ. ತಯಾರಕರು ಕೊಡುವ ಫಾರಂ 22 ಗಾಡಿ ನಿಯಮಕ್ಕೆ ಒಪ್ಪುತ್ತದೆ ಎನ್ನುತ್ತದೆ. ಯಾವ ಸಾಧನದಿಂದ ಎನ್ನುವುದಿಲ್ಲ. ಪೆಟ್ರೋಲ್ ಬಂಕಿನ ಬಳಿಯ ಎಮಿಷನ್ ತಪಾಸಣೆಯಲ್ಲಿ ಪೆಟ್ರೋಲು ಗಾಡಿಗೆ ನೋಡುವುದು ಇಂಗಾಲದ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಮೊದಲಾದ ಅನಿಲಗಳನ್ನು. ಮಸಿಯ ಕಣಗಳನ್ನು ಅಲ್ಲಿ ಯಾರೂ ಎಣಿಸುವುದಿಲ್ಲ. ನೆದರ್ಲೆಂಡ್ಸ್ ಮತ್ತು ಜರ್ಮನಿಗಳಲ್ಲಿ 2023ರಿಂದ ಡೀಸೆಲ್ ಗಾಡಿಗಳ ತಪಾಸಣೆಯಲ್ಲಿ ಕಣ ಎಣಿಸುವ ಯಂತ್ರವನ್ನು ಇಟ್ಟಿದ್ದಾರೆ, ಜರಡಿ ಕಿತ್ತವನು ಅಲ್ಲಿ ಸಿಕ್ಕಿಬೀಳುತ್ತಾನೆ. ನಮ್ಮಲ್ಲಿ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವಿದೆ. ಅದು ಹೇಳುವುದಾದರೂ ಏನು? ಆರ್.ಸಿ.ಯಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕೆ ಭಿನ್ನವಾಗುವಂತೆ ಮಾಲೀಕನು ಗಾಡಿಯನ್ನು ಮಾರ್ಪಡಿಸಬಾರದು. ಜರಡಿ ಆ ವಿವರಗಳಲ್ಲಿ ಇದ್ದರಲ್ಲವೆ ಭಿನ್ನವಾಗುವುದು?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ಆರ್.ಸಿ.ಯಲ್ಲಿ ಒಂದು ಸಾಲು ಸೇರಲಿ: ಮಸಿಯ ಜರಡಿ, ಉಂಟು ಅಥವಾ ಇಲ್ಲ. ಈ ಗಾಡಿಯನ್ನು ನಾಳೆ ಎರಡನೆಯವನು ಕೊಳ್ಳುತ್ತಾನೆ, ನಾಡಿದ್ದು ಮೂರನೆಯವನು; ಅವರಿಗೂ ಒಂದು ಕಿಟಕಿಯ ಪಕ್ಕದಲ್ಲಿ ಒಬ್ಬ ತಾತ ಇದ್ದಾನು. ಅರ್ಥಶಾಸ್ತ್ರದ ಮಿತ್ರನೊಬ್ಬ ಇದನ್ನು ಒಪ್ಪಲಿಲ್ಲ. ಫಲ ಮುಖ್ಯ, ಸಾಧನವಲ್ಲ. ಮಿತಿ ಹಾಕಿದ ಮೇಲೆ ಹೇಗೆ ಮುಟ್ಟಬೇಕೆಂಬುದು ತಯಾರಕರ ಇಷ್ಟ. ಇಂದು ಜರಡಿ ಬರೆದರೆ ನಾಳೆ ಪ್ರತಿಯೊಂದು ಬೋಲ್ಟನ್ನೂ ಬರೆಯಬೇಕಾದೀತು ಎಂದು ಅವನ ವಾದ. ಕಾರ್ಖಾನೆಯ ಬಾಗಿಲವರೆಗೆ ಅವನ ಮಾತು ಸರಿ. ಅಲ್ಲಿಂದಾಚೆ ಫಲವನ್ನು ಅಳೆಯುವವರೇ ಇಲ್ಲದ ಮೇಲೆ ಸಾಧನವನ್ನಾದರೂ ಬರೆದಿಡಬೇಡವೆ? ಬೋಲ್ಟು ಬಿಚ್ಚಿದರೆ ಗಾಡಿ ತಾನೇ ಕೂಗುತ್ತದೆ. ಜರಡಿ ಕಿತ್ತರೆ ಕೂಗುವುದು ಗಾಡಿಯಲ್ಲ, ಕೆಮ್ಮುವವನು.

ಇನ್ನು ಬ್ರಹ್ಮಗಿರಿ. ಮಾವನವರು ಹೊಸ ಕಾರಿನಲ್ಲಿ ನಮ್ಮನ್ನು ಮೊದಲು ಕರೆದೊಯ್ದದ್ದು ಅಲ್ಲಿಗೇ. ಎರಡು ಸಾವಿರದ ಇನ್ನೂರು ವರ್ಷಗಳಾಚೆಗೆ ಅಶೋಕ ತನ್ನ ಪ್ರಜೆಗಳಿಂದ ಬಯಸಿದ್ದನ್ನು, ತಾಯಿತಂದೆಗಳ ಸೇವೆ, ಪ್ರಾಣಿದಯೆ, ಸತ್ಯ ನುಡಿಯುವುದು, ಅಲ್ಲಿ ಬಂಡೆಯ ಮೇಲೆ ಬರೆಸಿದ್ದಾನೆ. ಬರೆದ ಲಿಪಿಕಾರ ಚಪಡ ಕೆಳಗೆ ತನ್ನ ಹೆಸರನ್ನೂ ಕೆತ್ತಿದ್ದಾನೆ. ಇದನ್ನು ನಾನು ವಿವರಿಸಿದಾಗ ಮಾವನವರು ಏನೂ ಹೇಳಲಿಲ್ಲ. ಮರುವಾರ ಕಾರಿನ ಬಿಲ್ಲನ್ನು ಹಿಡಿದು ಬಿಡಿಭಾಗದ ಕಿಟಕಿಗೆ ಹೋದರು. ಜರಡಿ ಇದೆಯೆಂದು ಅದರ ನಂಬರಿನೊಡನೆ ಬಿಲ್ಲಿನ ಹಿಂಬದಿಯಲ್ಲಿ ಬರೆದುಕೊಡಬೇಕೆಂದರು. ಗುಮಾಸ್ತ ಅತ್ತಿತ್ತ ನೋಡಿ ಬರೆದುಕೊಟ್ಟ, ಸಹಿ ಮಾತ್ರ ಹಾಕಲಿಲ್ಲ.

ಮೆಕ್ಯಾನಿಕ್ಕನಿಗೆ ಮಾವನವರು ಕೊಟ್ಟ ಉತ್ತರ ಕಾಲೇಜಿನ ಸಂಚಿಕೆಯಲ್ಲಿ ಅಚ್ಚಾಗುವಂಥದಲ್ಲ. ತಾತನವರಿಗೆ ಇಷ್ಟನ್ನೂ ಕೂರಿಸಿ ಹೇಳಿದೆ. ಜರಡಿ ಮಸಿಯನ್ನು ಹಿಡಿಯುತ್ತದೆ, ಅನಿಲಗಳನ್ನು ಹಿಡಿಯುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವರು ಹರಿದ ಎಳೆಯೊಂದನ್ನು ಗಂಟು ಹಾಕುತ್ತ, “ಎಲ್ಲಾ ಸರಿ, ಗಾಡೀನ ಬೇವಿನ ಮರದ ತಾವ ನಿಲ್ಸಾಕೆ ಹೇಳು” ಎಂದರು. ಈಗ ಕಾರು ಗಲ್ಲಿಯ ಆ ತುದಿಯಲ್ಲಿ ನಿಲ್ಲುತ್ತದೆ. ಮಾವನವರು ಬೆಳಗ್ಗೆ ಸೀರೆಯ ಗಂಟನ್ನು ಹೆಗಲ ಮೇಲೆ ಹೊತ್ತು ಅಲ್ಲಿಯವರೆಗೆ ನಡೆದುಕೊಂಡು ಹೋಗುತ್ತಾರೆ.