ಹಿಮದ ಹಾದಿಯಲ್ಲಿ ಹತ್ತಡಿಯ ಕಾರು

1962ರ ಜನವರಿ. ಫ್ರಾನ್ಸಿನ ಆಗ್ನೇಯ ಮೂಲೆಯಲ್ಲಿ, ಸಮುದ್ರದತ್ತ ಇಳಿಯುವ ಆಲ್ಪ್ಸ್ ಪರ್ವತಗಳ ಹಾದಿ. ಮಾಂಟೆ ಕಾರ್ಲೋ ರ‍್ಯಾಲಿ ಎಂಬ ಜಗತ್ಪ್ರಸಿದ್ಧ ಮೋಟಾರು ಸ್ಪರ್ಧೆಯ ಕೊನೆಯ ಘಟ್ಟ ನಡೆದಿತ್ತು. ಮುಂಚೂಣಿಯಲ್ಲಿದ್ದ ಒಂದು ಪುಟ್ಟ ಕಾರು ಹತೋಟಿ ತಪ್ಪಿ ಮಗುಚಿ ಬಿದ್ದಿತು. ನೋಡುನೋಡುತ್ತಿದ್ದಂತೆ ಅದಕ್ಕೆ ಬೆಂಕಿ ಹತ್ತಿತು. ಸಹಚಾಲಕ ಜೆಫ್ ಮ್ಯಾಬ್ಸ್ ಚಾಲಕನನ್ನು ಉರಿಯುವ ಗಾಡಿಯಿಂದ ಎಳೆದು ಬದುಕಿಸಿದರು. ಆ ಚಾಲಕನ ಹೆಸರು ರೌನೋ ಆಲ್ಟೋನೆನ್. ಇಪ್ಪತ್ತನಾಲ್ಕು ವರ್ಷದ ಫಿನ್ಲೆಂಡಿನ ತರುಣ. ಕಾರಿನ ಹೆಸರು ಮಿನಿ ಕೂಪರ್.

ಆಟಿಕೆಯಂತಹ ಈ ಗಾಡಿಗೆ ಇಂತಹ ಸಾಹಸವೇಕೆ ಎಂದು ಯಾರಾದರೂ ಕೇಳಿದ್ದರೆ, ಅಂದು ಉತ್ತರ ಹೇಳುವುದು ಸುಲಭವಾಗಿರಲಿಲ್ಲ. ಅದಕ್ಕೆ ಉತ್ತರ ದೊರೆಯಲು ಐದು ವರ್ಷಗಳೇ ಬೇಕಾದವು.

ಮಿನಿ ಕಾರು ಹುಟ್ಟಿದ್ದು ಪಂದ್ಯಕ್ಕಾಗಿ ಅಲ್ಲ, ಪೆಟ್ರೋಲಿನ ಅಭಾವದಿಂದ. 1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ, ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಕಡಿಮೆ ಎಣ್ಣೆ ಕುಡಿಯುವ, ಆದರೆ ಒಂದು ಸಂಸಾರ ನೆಮ್ಮದಿಯಿಂದ ಕೂರಬಹುದಾದ ಪುಟ್ಟ ಕಾರೊಂದನ್ನು ರಚಿಸಬೇಕೆಂದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಅಧಿಪತಿ ಲೆನರ್ಡ್ ಲಾರ್ಡ್ ಅವರು ಅಲೆಕ್ ಇಸ್ಸಿಗೋನಿಸ್ ಎಂಬ ಎಂಜಿನಿಯರರಿಗೆ ಆಜ್ಞಾಪಿಸಿದರು. ಇಸ್ಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ತಿರುಗಿಸಿಟ್ಟರು. ಗೇರುಪೆಟ್ಟಿಗೆಯನ್ನು ಅದರ ಕೆಳಗೇ ಅಡಗಿಸಿದರು. ಶಕ್ತಿಯನ್ನು ಮುಂದಿನ ಚಕ್ರಗಳಿಗೆ ಕೊಟ್ಟರು. ಚಕ್ರಗಳ ವ್ಯಾಸ ಹತ್ತೇ ಅಂಗುಲ. ಉಕ್ಕಿನ ಸ್ಪ್ರಿಂಗುಗಳ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರಿನ ಶಂಕುಗಳು ಗಾಡಿಯ ಭಾರ ಹೊತ್ತವು. ಹೀಗೆ ಉದ್ದ ಹತ್ತಡಿಯಷ್ಟೇ ಇದ್ದರೂ, ಅದರ ಬಹುಭಾಗ ಪ್ರಯಾಣಿಕರಿಗೂ ಅವರ ಸಾಮಾನು ಸರಂಜಾಮಿಗೂ ಉಳಿಯಿತು. 1959ರ ಆಗಸ್ಟ್ 26ರಂದು 848 ಸಿ.ಸಿ. ಎಂಜಿನಿನ ಈ ಕಾರು ಜನರ ಮುಂದೆ ಬಂದಿತು.

ಸಂತೆಗೂ ಶಾಲೆಗೂ ಹೋಗಿಬರಲೆಂದು ಮಾಡಿದ ಗಾಡಿಯಲ್ಲಿ ಬೇರೊಂದು ಗುಣವನ್ನು ಕಂಡವರು ಜಾನ್ ಕೂಪರ್. ಓಟದ ಕಾರುಗಳ ನಿರ್ಮಾಣದಲ್ಲಿ ಹೆಸರು ಗಳಿಸಿದ್ದ ಕೂಪರ್, ಮಿನಿಯ ನಾಲ್ಕು ಚಕ್ರಗಳೂ ನಾಲ್ಕು ಮೂಲೆಗಳಿಗೆ ಸರಿದಿರುವುದನ್ನೂ, ತಿರುವುಗಳಲ್ಲಿ ಅದು ನೆಲವನ್ನು ಕಚ್ಚಿ ಹಿಡಿಯುವುದನ್ನೂ ಗಮನಿಸಿದರು. ಜನಸಾಮಾನ್ಯರ ಕಾರನ್ನು ಪಂದ್ಯದ ಗಾಡಿಯಾಗಿಸುವ ಯೋಚನೆ ಇಸ್ಸಿಗೋನಿಸ್ ಅವರಿಗೆ ರುಚಿಸಲಿಲ್ಲ. ಕೂಪರ್ ಬಿಡಲಿಲ್ಲ, ಕಂಪನಿಯ ಮುಖ್ಯಸ್ಥ ಜಾರ್ಜ್ ಹ್ಯಾರಿಮನ್ ಅವರನ್ನೇ ಒಪ್ಪಿಸಿದರು. 1961ರಲ್ಲಿ 997 ಸಿ.ಸಿ. ಎಂಜಿನಿನ ಮಿನಿ ಕೂಪರ್ ಹೊರಬಂದಿತು. 1963ರಲ್ಲಿ ಅದಕ್ಕಿಂತ ಬಲವಾದ, 1071 ಸಿ.ಸಿ.ಯ ಕೂಪರ್ ಎಸ್.

ರ‍್ಯಾಲಿ ಎಂದರೇನೆಂಬುದನ್ನು ಇಲ್ಲಿ ಅರಿಯುವುದು ಅವಶ್ಯಕ. ಒಂದೇ ಸುತ್ತುಪಥದಲ್ಲಿ ಗಿರಕಿ ಹೊಡೆಯುವ ಪಂದ್ಯ ಇದಲ್ಲ. 1911ರಲ್ಲಿ ಆರಂಭವಾದ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ಕಾರುಗಳು ಆ ಕಾಲದಲ್ಲಿ ಯೂರೋಪಿನ ಬೇರೆ ಬೇರೆ ನಗರಗಳಿಂದ ಹೊರಟು, ಸಾವಿರಾರು ಮೈಲಿ ಕ್ರಮಿಸಿ, ಕೊನೆಗೆ ಪರ್ವತಗಳಲ್ಲಿ ರಾತ್ರಿಯ ವೇಗಪರೀಕ್ಷೆಗೆ ಒಳಗಾಗುತ್ತಿದ್ದವು. ಸಾಮಾನ್ಯ ರಸ್ತೆ, ಕಡಿದಾದ ತಿರುವು, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಮರಿ. ಪಕ್ಕದಲ್ಲಿ ಕುಳಿತ ಸಹಚಾಲಕ, ಮೊದಲೇ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನೋಡಿ ಮುಂದಿನ ತಿರುವು ಎಂತಹದೆಂದು ಓದಿ ಹೇಳಬೇಕು. ಚಾಲಕ ಕಣ್ಣಿಗೆ ಕಾಣದ ಹಾದಿಯನ್ನು ಕಿವಿಯಿಂದ ನಂಬಿ ನುಗ್ಗಬೇಕು.

ಇಂತಹ ಹಾದಿಯಲ್ಲಿ ದೊಡ್ಡ ಎಂಜಿನಿನ ಬಲವೆಲ್ಲವೂ ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ಚಕ್ರಗಳಿಂದ ನಡೆಯುವ ಭಾರವಾದ ಕಾರು ಮಂಜುಗಡ್ಡೆಯ ಮೇಲೆ ಬಾಲ ಬೀಸತೊಡಗಿದರೆ ಅದನ್ನು ಹತೋಟಿಗೆ ತರುವುದು ಕಷ್ಟ. ಮಿನಿಯಲ್ಲಾದರೋ ಎಂಜಿನಿನ ಭಾರವು ಎಳೆಯುವ ಚಕ್ರಗಳ ಮೇಲೆಯೇ ಕುಳಿತಿರುವುದರಿಂದ, ಹಿಮದಲ್ಲಿಯೂ ಅವು ಹಿಡಿತ ಬಿಡುತ್ತಿರಲಿಲ್ಲ. ಪೆಟ್ರೋಲು ಉಳಿಸಲೆಂದು, ಜಾಗ ಮಿಗಿಸಲೆಂದು ಮಾಡಿದ ಉಪಾಯವೇ ಪರ್ವತದಲ್ಲಿ ಆಯುಧವಾಯಿತು.

ಆದರೆ ಗಾಡಿ ತಾನಾಗಿ ಗೆಲ್ಲುವುದಿಲ್ಲ. 1962ರಲ್ಲಿಯೇ ಪ್ಯಾಟ್ ಮಾಸ್ ಮತ್ತು ಆನ್ ವಿಸ್ಡಮ್ ಎಂಬ ಇಬ್ಬರು ಮಹಿಳೆಯರು ಟ್ಯುಲಿಪ್ ರ‍್ಯಾಲಿಯನ್ನು ಗೆದ್ದು ಮಿನಿಗೆ ಮೊದಲ ದೊಡ್ಡ ಕೀರ್ತಿ ತಂದರು. ಕಂಪನಿಯ ಸ್ಪರ್ಧಾವಿಭಾಗವಿದ್ದದ್ದು ಆ್ಯಬಿಂಗ್ಡನ್ ಎಂಬ ಊರಿನಲ್ಲಿ. ಅದರ ಹೊಣೆ ಹೊತ್ತವರು ಸ್ಟುವರ್ಟ್ ಟರ್ನರ್. ಸ್ಪರ್ಧೆಗೆ ಕೆಲವು ಗಂಟೆ ಮುಂಚಿತವಾಗಿ ಕಂಪನಿಯ ಬೇರೊಂದು ತಂಡ ಅದೇ ಹಾದಿಯಲ್ಲಿ ಸಾಗಿ, ಎಲ್ಲಿ ಹಿಮ, ಎಲ್ಲಿ ಬರಿಯ ನೆಲ ಎಂದು ಗುರುತಿಸಿ ತಿಳಿಸುತ್ತಿತ್ತು. ಟೈರುಗಳ ಆಯ್ಕೆಯೂ ಅದನ್ನೇ ಅವಲಂಬಿಸುತ್ತಿತ್ತು. ಫಿನ್ಲೆಂಡಿನ ಚಾಲಕರು ತಮ್ಮೊಡನೆ ಇನ್ನೊಂದು ವಿದ್ಯೆಯನ್ನು ತಂದಿದ್ದರು. ಬಲಗಾಲು ವೇಗದ ಪೆಡಲನ್ನು ಒತ್ತಿರುವಾಗಲೇ ಎಡಗಾಲಿನಿಂದ ಬ್ರೇಕು ತುಳಿದರೆ, ಮುಂದಿನ ಚಕ್ರಗಳು ಎಳೆಯುತ್ತಲೇ ಇರುತ್ತವೆ, ಹಿಂಭಾಗ ಮಾತ್ರ ಜಾರಿ ಗಾಡಿ ತಿರುವಿನತ್ತ ಮುಖ ಮಾಡುತ್ತದೆ. ಕೇಳುವುದಕ್ಕೆ ಸರಳ, ಕತ್ತಲಲ್ಲಿ, ಕಮರಿಯ ಅಂಚಿನಲ್ಲಿ ಸಾಧಿಸಬೇಕಾದರೆ ವರ್ಷಗಳ ಅಭ್ಯಾಸ ಬೇಕು.

ಬೆಂಕಿಯಿಂದ ಪಾರಾದ ಆಲ್ಟೋನೆನ್ ಮನೆ ಸೇರಿ ಸುಮ್ಮನಾಗಲಿಲ್ಲ. ಒಂದೇ ವರ್ಷದ ತರುವಾಯ, 1963ರಲ್ಲಿ, ಮತ್ತೆ ಮಿನಿಯಲ್ಲಿಯೇ ಕುಳಿತು ಮಾಂಟೆ ಕಾರ್ಲೋದಲ್ಲಿ ಮೂರನೆಯವರಾದರು. 1964ರಲ್ಲಿ ಐರಿಷ್ ಚಾಲಕ ಪ್ಯಾಡಿ ಹಾಪ್‌ಕರ್ಕ್ ಸಹಚಾಲಕ ಹೆನ್ರಿ ಲಿಡನ್ ಅವರೊಡನೆ ದೂರದ ಮಿನ್ಸ್ಕ್ ನಗರದಿಂದ ಹೊರಟು ಮೊದಲ ಸ್ಥಾನವನ್ನೇ ಗೆದ್ದರು. ನಾಲ್ಕು ಲೀಟರಿಗೂ ಮಿಕ್ಕ, ಎಂಟು ಸಿಲಿಂಡರುಗಳ ಫೋರ್ಡ್ ಫಾಲ್ಕನ್ ಕಾರನ್ನು ನಡೆಸಿದ ಸ್ವೀಡನ್ನಿನ ಬೋ ಯೂಂಗ್‌ಫೆಲ್ಟ್ ಎರಡನೆಯವರಾದರು. ಗಡಿಯಾರದ ಲೆಕ್ಕಕ್ಕೆ ಫೋರ್ಡೇ ವೇಗವಾಗಿ ಓಡಿತ್ತೆಂಬುದನ್ನೂ ಹೇಳಬೇಕು; ಎಂಜಿನಿನ ಗಾತ್ರಕ್ಕೆ ತಕ್ಕಂತೆ ಸಮಯವನ್ನು ತೂಗುವ ಅಂದಿನ ನಿಯಮ ಮಿನಿಗೆ ನೆರವಾಯಿತು. ಬ್ರಿಟಿಷ್ ಪ್ರಧಾನಿಯಿಂದ ಅಭಿನಂದನೆಯ ತಂತಿ ಬಂದಿತು. ಆದರೂ ನಿಯಮದ ಕೃಪೆಯಿಂದ ಗೆದ್ದದ್ದು ಎಂಬ ಮಾತಿಗೆ ಎಡೆಯಿತ್ತು.

ಆ ಮಾತಿಗೆ 1965ರ ಹಿಮಪಾತ ಉತ್ತರವಿತ್ತಿತು. ಅಂದು ಹೊರಟ 237 ಕಾರುಗಳಲ್ಲಿ ಗುರಿ ತಲುಪಿದ್ದು 35 ಮಾತ್ರ. ಅವುಗಳಲ್ಲಿ ಒಂದು ದಂಡಾಂಕವೂ ಇಲ್ಲದೆ ಬಂದದ್ದು ಒಂದೇ ಒಂದು: ಟಿಮೋ ಮ್ಯಾಕಿನೆನ್ ಮತ್ತು ಪಾಲ್ ಈಸ್ಟರ್ ಅವರ ಮಿನಿ. ಅದೇ ವರ್ಷ ಆಲ್ಟೋನೆನ್ ಯೂರೋಪಿನ ರ‍್ಯಾಲಿ ಚಾಂಪಿಯನ್ ಆದರು.

ಕೀರ್ತಿ ಏರಿದಷ್ಟೂ ಕಣ್ಣುಗಳು ಹೆಚ್ಚು. 1966ರಲ್ಲಿ ಮೊದಲ ಮೂರು ಸ್ಥಾನಗಳೂ ಮಿನಿಯ ಪಾಲಾದವು: ಮ್ಯಾಕಿನೆನ್, ಆಲ್ಟೋನೆನ್, ಹಾಪ್‌ಕರ್ಕ್. ಸಂಭ್ರಮ ಬಹಳ ಹೊತ್ತು ಉಳಿಯಲಿಲ್ಲ. ಅಧಿಕಾರಿಗಳು ಕಾರುಗಳನ್ನು ಬಿಚ್ಚಿ ಗಂಟೆಗಟ್ಟಲೆ ಪರೀಕ್ಷಿಸಿದರು. ಎಂಜಿನಿನಲ್ಲಿ ದೋಷ ಸಿಕ್ಕಲಿಲ್ಲ; ಸಿಕ್ಕಿದ್ದು ದೀಪದಲ್ಲಿ. ಮುಂದಿನ ದೀಪಗಳಲ್ಲಿ ಒಂದೇ ತಂತಿಯ ಹೊಸಬಗೆಯ ಬಲ್ಬುಗಳಿದ್ದವು. ಎದುರು ವಾಹನ ಬಂದಾಗ ಬೆಳಕನ್ನು ತಗ್ಗಿಸುವ ಏರ್ಪಾಡು ನಿಯಮದಂತಿಲ್ಲವೆಂದು ಮೂರೂ ಕಾರುಗಳನ್ನು ಪಟ್ಟಿಯಿಂದ ತೆಗೆದುಹಾಕಿದರು. ನಾಲ್ಕನೆಯದಾಗಿ ಬಂದ ಫೋರ್ಡ್ ಕಾರಿಗೂ ಅದೇ ಗತಿಯಾಯಿತು. ಫ್ರಾನ್ಸಿನದೇ ಆದ ಸಿಟ್ರೊಯೆನ್ ಕಾರನ್ನು ನಡೆಸಿದ ಪೌಲಿ ಟೋಯ್ವೋನೆನ್ ವಿಜೇತರೆನಿಸಿದರು. ಮೊನಾಕೋದ ದೊರೆ ರೇನಿಯೇ ಅವರು ಬಹುಮಾನದ ಸಮಾರಂಭಕ್ಕೆ ನಿಲ್ಲದೆ ಹೊರಟುಹೋದರು. ಸೋತವರಿಗೆ ಸ್ವದೇಶದಲ್ಲಿ ವೀರೋಚಿತ ಸ್ವಾಗತ ದೊರೆಯಿತು.

ಇಲ್ಲಿ ಕಂಪನಿಯ ಮುಂದೆ ಎರಡು ದಾರಿಗಳಿದ್ದವು. ಅನ್ಯಾಯವಾಯಿತೆಂದು ದೂರುತ್ತ ಸ್ಪರ್ಧೆಗೆ ಬೆನ್ನು ತಿರುಗಿಸಬಹುದಿತ್ತು. ಲೋಕದ ಅನುಕಂಪವೂ ಅದರ ಕಡೆಗೇ ಇತ್ತು. ಅನುಕಂಪವಾದರೋ ಗೆಲುವಿನ ಸಮವಲ್ಲ. 1967ರ ಜನವರಿಯಲ್ಲಿ ಮಿನಿಗಳು ಮರಳಿ ಅದೇ ಹಾದಿಗೆ ಬಂದವು. ಪರ್ವತದಲ್ಲಿ ಉರುಳಿದ ಬಂಡೆಯೊಂದು ಮ್ಯಾಕಿನೆನ್ ಅವರ ಕಾರಿನ ಮುಂಭಾಗವನ್ನು ಜಜ್ಜಿ ಅವರ ಆಸೆಯನ್ನು ಮುರಿಯಿತು. ಉಳಿದ ಭಾರವೆಲ್ಲ ಆಲ್ಟೋನೆನ್ ಅವರ ಮೇಲೆ. ಬೆನ್ನಟ್ಟಿ ಬರುತ್ತಿದ್ದವರು ಲಾನ್ಸಿಯಾ ಕಾರಿನ ಓವೆ ಆಂಡರ್ಸನ್. ಸಾವಿರಾರು ಮೈಲಿಗಳ ಪಯಣ ಮುಗಿದಾಗ ಇಬ್ಬರ ನಡುವೆ ಉಳಿದ ಅಂತರ ಕಾಲು ನಿಮಿಷಕ್ಕೂ ಕಡಿಮೆ. ಗೆದ್ದವರು ಆಲ್ಟೋನೆನ್, ಸಹಚಾಲಕರು, 1964ರಲ್ಲಿ ಹಾಪ್‌ಕರ್ಕ್ ಅವರೊಡನಿದ್ದ ಅದೇ ಹೆನ್ರಿ ಲಿಡನ್. ಈ ಸಲ ದೀಪದಲ್ಲಾಗಲಿ ನಿಯಮದಲ್ಲಾಗಲಿ ಯಾರಿಗೂ ಕೊಂಕು ಕಾಣಲಿಲ್ಲ.

ಮುಂದೆ ಕಾಲ ಬದಲಾಯಿತು. ಇತರ ಕಂಪನಿಗಳೂ ಬಲವಾದ ಹೊಸ ಕಾರುಗಳನ್ನು ತಂದವು. 1970ರಲ್ಲಿ ಆ್ಯಬಿಂಗ್ಡನ್ನಿನ ಸ್ಪರ್ಧಾವಿಭಾಗಕ್ಕೆ ಬೀಗ ಬಿತ್ತು. ಐವತ್ತು ಲಕ್ಷಕ್ಕೂ ಮಿಕ್ಕಿ ತಯಾರಾದ ಹಳೆಯ ಮಿನಿಯ ನಿರ್ಮಾಣ 2000ದಲ್ಲಿ ನಿಂತಿತು. ಆ ಹೆಸರಿನ ಹೊಸ ಒಡೆಯರಾದ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯವರು 2011ರಲ್ಲಿ ಮಿನಿಯನ್ನು ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ಪಿಗೆ ಮತ್ತೆ ಇಳಿಸಿದರು. ಸ್ಪೇನಿನ ದಾನಿ ಸೋರ್ದೋ 2012ರ ಮಾಂಟೆ ಕಾರ್ಲೋದಲ್ಲಿ ಎರಡನೆಯ ಸ್ಥಾನ ಗಳಿಸಿಯೂ ಕೊಟ್ಟರು. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಕಂಪನಿ ತನ್ನ ಬೆಂಬಲವನ್ನು ಹಿಂತೆಗೆದುಕೊಂಡಿತು. ಆ ಹೊಸ ಕಾರು ಹಳೆಯದಕ್ಕಿಂತ ಒಂದು ಮೀಟರಿನಷ್ಟು ಉದ್ದವಾಗಿತ್ತು; ಅದಕ್ಕೆ ದೊರೆತ ತಾಳ್ಮೆ ಮಾತ್ರ ಎರಡು ವರ್ಷದ್ದೂ ಆಗಿರಲಿಲ್ಲ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಾಣ್ಣುಡಿ ಹಳೆಯ ಮಿನಿಗೆ ಒಪ್ಪುವುದೇನೋ ನಿಜ. ಕೀರ್ತಿ ಮಾತ್ರ ಮೂರ್ತಿಯೊಂದರಿಂದಲೇ ಬಂದುದಲ್ಲ. 1962ರಲ್ಲಿ ಸುಟ್ಟು ಬೂದಿಯಾದ ಕಾರಿನಂತಹದೇ ಇನ್ನೊಂದನ್ನು ಸಿದ್ಧಪಡಿಸಿದ ಕೈಗಳಿದ್ದವು. ಬೆಂಕಿಯ ಬಿಸಿಯನ್ನು ಕಂಡಿದ್ದರೂ ಅದರ ಬಾಗಿಲನ್ನು ತೆರೆದು ಮತ್ತೆ ಒಳಗೆ ಕುಳಿತ ತರುಣನೊಬ್ಬನಿದ್ದ.